ನೀರು ಮೊದಲು, ಧೂಳು ಆಮೇಲೆ: ಹಡಗಿನ ವಾಶ್‌ಡೌನ್ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕಾರವಾರ. ನೌಕಾನೆಲೆ ಹತ್ತಿರ ಇರುವುದರಿಂದ ಯುದ್ಧನೌಕೆಗಳ ಬಗ್ಗೆ ಕುತೂಹಲ ಜಾಸ್ತಿ. ಇತ್ತೀಚೆಗೆ ಒಂದು ಫೋಟೊ ನೋಡಿದೆ. ಹಡಗಿನ ಮೈತುಂಬ ನೀರಿನ ತುಂತುರು, ಹಡಗೇ ಕಾಣದಷ್ಟು. ಅಣುಬಾಂಬಿನ ಧೂಳು ಅಂಟದಂತೆ ಹೀಗೆ ಮಾಡುತ್ತಾರೆ ಎಂದು ಗೆಳೆಯ ಹೇಳಿದ. ಬರೀ ಸಮುದ್ರದ ನೀರಿಗೆ ವಿಕಿರಣ ಹೋಗುತ್ತದೆಯೇ? ಬಾಂಬು ಸಿಡಿಸದೆ ಇದನ್ನು ಪರೀಕ್ಷೆ ಮಾಡುವುದಾದರೂ ಹೇಗೆ? ನಮ್ಮಂಥವರ ಮೀನುಗಾರಿಕೆ ದೋಣಿಗೆ ಇದರಿಂದ ಏನಾದರೂ ಕಲಿಯುವುದು ಇದೆಯೇ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಸರಿ. ಅಮೆರಿಕದ ನೌಕಾಪಡೆ ಇದನ್ನು ವಾಶ್‌ಡೌನ್ ಎನ್ನುತ್ತದೆ. ಬ್ರಿಟಿಷರು ಮತ್ತು ನಮ್ಮವರು ಪ್ರಿ-ವೆಟ್ಟಿಂಗ್ ಎನ್ನುತ್ತಾರೆ. ನಮ್ಮ ನೌಕಾಪಡೆಯ ದೊಡ್ಡ ಯುದ್ಧನೌಕೆಗಳಲ್ಲೂ ಈ ವ್ಯವಸ್ಥೆ ಇದೆ.

ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ನೀರಿಗೆ ವಿಕಿರಣವನ್ನು ಕೊಲ್ಲುವ ಶಕ್ತಿ ಇಲ್ಲ. ಯಾವ ಸೋಪಿಗೂ ಆ್ಯಸಿಡ್ಡಿಗೂ ಇಲ್ಲ. ನೀರು ಮಾಡುವುದು ಒಂದೇ ಕೆಲಸ: ವಿಕಿರಣ ಸೂಸುವ ಧೂಳು ಹಡಗಿಗೆ ಅಂಟುವ ಮೊದಲೇ ಅದನ್ನು ಹೊತ್ತುಕೊಂಡು ಸಮುದ್ರಕ್ಕೆ ಬಿಡುವುದು. ಇಲ್ಲಿ 'ಮೊದಲೇ' ಎನ್ನುವುದೇ ಮುಖ್ಯ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಹಾಗೆ. ಮೇಣ ಮೆತ್ತಿದ ಮೇಲೆ ಎಣ್ಣೆ ಹಚ್ಚಿದರೆ ಉಜ್ಜಿ ಉಜ್ಜಿ ಸಾಕಾಗುತ್ತದೆ. ಧೂಳು ಬೀಳುವ ಮೊದಲೇ ಹಡಗಿನ ಮೈಮೇಲೆ ಹರಿಯುವ ನೀರಿನ ಪೊರೆ ಇರಬೇಕು. ಬಿದ್ದ ಮೇಲೆ ನೀರು ಬಿಟ್ಟರೆ ಅರ್ಧಕ್ಕರ್ಧ ಆಟ ಮುಗಿದ ಹಾಗೆ.

ಈ ಪಾಠ ಸುಲಭವಾಗಿ ಸಿಕ್ಕಿದ್ದಲ್ಲ. 1946ರ ಜುಲೈಯಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ 'ಆಪರೇಷನ್ ಕ್ರಾಸ್‌ರೋಡ್ಸ್' ನಡೆಸಿತು. ತೊಂಬತ್ತಕ್ಕೂ ಹೆಚ್ಚು ಖಾಲಿ ಹಡಗುಗಳನ್ನು ಲಗೂನಿನಲ್ಲಿ, ಅಂದರೆ ಹವಳದ ದಂಡೆ ಸುತ್ತುವರಿದ ನೀರಿನಲ್ಲಿ, ನಿಲ್ಲಿಸಿ ಎರಡು ಬಾಂಬು ಸಿಡಿಸಿದರು. ಜುಲೈ 1ರಂದು 'ಏಬಲ್' ಗಾಳಿಯಲ್ಲಿ ಸಿಡಿಯಿತು. ಆ ಸ್ಫೋಟದ ಧೂಳು ಮೇಲಕ್ಕೆ ಹೋಯಿತು, ಹಡಗುಗಳ ಮೇಲೆ ಉಳಿದದ್ದು ಕಡಿಮೆ. ಕೆಲವೇ ದಿನಗಳಲ್ಲಿ ಜನ ಮತ್ತೆ ಆ ಹಡಗುಗಳನ್ನು ಹತ್ತಿದರು. ಜುಲೈ 25ರ 'ಬೇಕರ್' ಹಾಗಲ್ಲ. ಅದನ್ನು ನೀರಿನೊಳಗೆ ಸುಮಾರು 27 ಮೀಟರ್ ಆಳದಲ್ಲಿ ಸಿಡಿಸಿದರು. ಲಕ್ಷಾಂತರ ಟನ್ ನೀರು ಕಂಬದ ಹಾಗೆ ಎದ್ದು ಕುಸಿಯಿತು. ಕುಸಿದ ಬುಡದಿಂದ ಮಂಜಿನ ಗೋಡೆಯೊಂದು ಎಲ್ಲ ದಿಕ್ಕಿಗೂ ಹಬ್ಬಿ ಹಡಗುಗಳನ್ನು ನುಂಗಿತು. ಬಾಂಬಿನ ವಿಕಿರಣವಸ್ತು ಆ ಮಂಜಿನ ಹನಿಗಳಲ್ಲಿ ಸೇರಿತ್ತು. ಬಣ್ಣ, ತುಕ್ಕು, ಹಗ್ಗ, ಮರದ ಹಲಗೆ, ಎಲ್ಲದರೊಳಗೂ ಅದು ಇಳಿಯಿತು.

ಆಮೇಲೆ ನಡೆದದ್ದನ್ನು ಓದಿದರೆ ಈಗಲೂ ಮೈ ಜುಮ್ ಎನ್ನುತ್ತದೆ. ಅಗ್ನಿಶಾಮಕ ದೋಣಿಗಳು ಬಂದು ಪೈಪಿನಲ್ಲಿ ನೀರು ಹೊಡೆದವು. ಮಾಪಕ ತೋರಿಸುವ ವಿಕಿರಣದ ಸಂಖ್ಯೆ ಇಳಿಯಲೇ ಇಲ್ಲ ಎನ್ನಬೇಕು. ಫೋಮ್ ಹಾಕಿದರು. ಸೋಪು, ಕಾಸ್ಟಿಕ್ ಸೋಡ ಹಾಕಿದರು. ಜೋಳದ ದಿಂಡು, ತೆಂಗಿನ ಚಿಪ್ಪಿನ ಪುಡಿಯನ್ನೆಲ್ಲ ಹೊಡೆದು ಕೆರೆಸಿ ನೋಡಿದರು. ಉಷ್ಣವಲಯದ ಬಿಸಿಲು. ನಾವಿಕರು ಅರ್ಧ ಚಡ್ಡಿಯಲ್ಲಿ, ಕೆಲವರು ಬರಿ ಮೈಯಲ್ಲಿ, ಉದ್ದ ಕೋಲಿನ ಬ್ರಷ್ ಹಿಡಿದು ಡೆಕ್ ಉಜ್ಜುತ್ತಿರುವ ಫೋಟೊಗಳಿವೆ. ಅವರ ಕೈಲಿದ್ದ ವಿಕಿರಣ ಮಾಪಕ, ಗೈಗರ್ ಕೌಂಟರ್‌ಗೆ, ಬಾಂಬಿನಲ್ಲಿದ್ದ ಪ್ಲುಟೋನಿಯಂ ಸೂಸುವ ಆಲ್ಫಾ ಕಣ ಕಾಣುವುದೇ ಇಲ್ಲ. ಇನ್ನೂ ಒಂದು ತೊಡಕು ಇತ್ತು. ತೊಳೆಯುವ ನೀರು ಬರುತ್ತಿದ್ದದ್ದು ಅದೇ ಲಗೂನಿನಿಂದ. ಸಹಾಯಕ್ಕೆ ಬಂದಿದ್ದ ಹಡಗುಗಳ ತಳಕ್ಕೆ ಅಂಟಿದ ಪಾಚಿ, ಚಿಪ್ಪು, ಅವುಗಳ ಉಪ್ಪುನೀರಿನ ಪೈಪು, ನೀರು ಬಟ್ಟಿ ಇಳಿಸುವ ಯಂತ್ರ, ಎಲ್ಲದರಲ್ಲೂ ವಿಕಿರಣ ಸೇರಿಕೊಳ್ಳತೊಡಗಿತು. ವಿಕಿರಣ ಸುರಕ್ಷತೆಯ ಹೊಣೆ ಹೊತ್ತಿದ್ದ ವೈದ್ಯ ಕರ್ನಲ್ ಸ್ಟಾಫರ್ಡ್ ವಾರನ್ ಪಟ್ಟು ಹಿಡಿದರು. ಆಗಸ್ಟ್ 10ರಂದು ತೊಳೆಯುವ ಕೆಲಸ ನಿಂತಿತು. ಮೂರನೇ ಸ್ಫೋಟವನ್ನು ರದ್ದು ಮಾಡಿದರು.

ಜರ್ಮನಿಯಿಂದ ಯುದ್ಧದ ಪಾಲಾಗಿ ಬಂದಿದ್ದ ಕ್ರೂಸರ್ 'ಪ್ರಿನ್ಸ್ ಆಯ್ಗನ್' ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಸ್ಫೋಟ ತಡೆದುಕೊಂಡು ತೇಲುತ್ತಲೇ ಇತ್ತು. ಆದರೆ ಸೋರುವ ಜಾಗ ಸರಿಪಡಿಸಲು ಒಳಗೆ ಹೋಗಿ ಕೆಲಸ ಮಾಡುವಂತಿರಲಿಲ್ಲ. ಕ್ವಾಜಲೀನ್ ಎಂಬ ಇನ್ನೊಂದು ಹವಳದ್ವೀಪಕ್ಕೆ ಎಳೆದೊಯ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಗುಚಿತು. ಇವತ್ತಿಗೂ ಅಲ್ಲೇ ಮಗುಚಿ ಬಿದ್ದಿದೆ.

ಕೆಲವು ಹಡಗುಗಳನ್ನು ಸ್ಯಾನ್ ಫ್ರಾನ್ಸಿಸ್ಕೊದ ಹಂಟರ್ಸ್ ಪಾಯಿಂಟ್ ಹಡಗುಕಟ್ಟೆಗೆ ತಂದರು. ಅಲ್ಲಿ ನೌಕಾಪಡೆಯ ವಿಕಿರಣ ರಕ್ಷಣಾ ಪ್ರಯೋಗಾಲಯ ಹುಟ್ಟಿಕೊಂಡಿತು. 1969ರಲ್ಲಿ ಮುಚ್ಚುವ ತನಕ ಈ ವಿಷಯದ ಬಹಳಷ್ಟು ಕೆಲಸ ನಡೆದದ್ದು ಅಲ್ಲೇ. ಕ್ರಾಸ್‌ರೋಡ್ಸ್‌ನಿಂದ ಬಂದ ಹಡಗುಗಳ ಮೈಗೆ ಮರಳು ಹೊಡೆದು ಬಣ್ಣ ಕೆರೆದದ್ದೂ ಅಲ್ಲೇ. ಅದರ ಫಲವನ್ನು ಆ ಊರಿನ ಜನ ಈಗಲೂ ಉಣ್ಣುತ್ತಿದ್ದಾರೆ. 1989ರಲ್ಲಿ ಆ ಜಾಗ ಅಮೆರಿಕದ ಅತಿ ಮಲಿನ ತಾಣಗಳ ಪಟ್ಟಿಗೆ ಸೇರಿತು. ಸ್ವಚ್ಛತೆಯ ಕೆಲಸ, ಅದರ ಬಗ್ಗೆ ಜಗಳ, ಎರಡೂ ಇನ್ನೂ ಮುಗಿದಿಲ್ಲ. ಹಡಗಿನಿಂದ ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ, ಅಲ್ವಾ?

ಸರಿ. ಬಿದ್ದ ಮೇಲೆ ತೊಳೆಯುವುದು ಆಗದ ಮಾತು ಎಂದು ಗೊತ್ತಾಯಿತು. ಹಾಗಾದರೆ ಬೀಳುವಾಗಲೇ ತೊಳೆಯೋಣ ಎನ್ನುವ ಯೋಚನೆ ಬಂತು. ಹಡಗಿನಲ್ಲಿ ಬೆಂಕಿ ಆರಿಸಲು ಸಮುದ್ರದ ನೀರಿನ ದೊಡ್ಡ ಪೈಪ್‌ಲೈನ್ ಹೇಗೂ ಇರುತ್ತದೆ. ಅದಕ್ಕೆ ಫೈರ್‌ಮೇನ್ ಎನ್ನುತ್ತಾರೆ. ಅದರಿಂದ ಕವಲು ತೆಗೆದು ಡೆಕ್ಕಿನ ಉದ್ದಕ್ಕೂ, ಮೇಲಿನ ಕಟ್ಟಡದ ಸುತ್ತಲೂ, ಮಾಸ್ಟಿನ ಮೇಲೂ ನಾಜಲ್ ಕೂರಿಸಿದರೆ ಆಯಿತು. ಹೇಳಲು ಇಷ್ಟು ಸುಲಭ. ಇದು ಕೆಲಸ ಮಾಡುತ್ತದೆ ಎಂದು ತೋರಿಸುವುದು ಬೇರೆ ಮಾತು.

ಇದರ ದೊಡ್ಡ ಪರೀಕ್ಷೆ ನಡೆದದ್ದು 1954ರಲ್ಲಿ, ಅದೇ ಬಿಕಿನಿ, ಎನಿವೆಟಾಕ್ ಹವಳದ್ವೀಪಗಳ ಕಡೆಯ 'ಆಪರೇಷನ್ ಕ್ಯಾಸಲ್' ಅಣುಪರೀಕ್ಷೆ ಸರಣಿಯಲ್ಲಿ. ಎರಡನೇ ಮಹಾಯುದ್ಧದ ಕಾಲದ ಎರಡು ಲಿಬರ್ಟಿ ಸರಕುಹಡಗುಗಳನ್ನು ತೆಗೆದುಕೊಂಡರು. ಒಂದರ ಗುರುತು ವೈಎಜಿ-39, ಇನ್ನೊಂದರದು ವೈಎಜಿ-40. ಎರಡೂ ಒಂದೇ ನಮೂನೆಯವು, ಒಂದೇ ಅಳತೆಯವು. ಎರಡಕ್ಕೂ ರಿಮೋಟ್ ಕಂಟ್ರೋಲ್ ಅಳವಡಿಸಿದರು. ಸ್ಫೋಟ ಆದ ಮೇಲೆ ಧೂಳು ಬೀಳುವ ಜಾಗಕ್ಕೆ ಎರಡನ್ನೂ ನುಗ್ಗಿಸಿದರು. ಒಂದರ ಮೇಲೆ ನೀರು ಹರಿಯುತ್ತಿತ್ತು, ಇನ್ನೊಂದು ಒಣಗಿತ್ತು. ಡೆಕ್ಕಿನ ಮೇಲೆ, ಡೆಕ್ಕಿನ ಕೆಳಗೆ, ಕೋಣೆಗಳಲ್ಲಿ ವಿಕಿರಣ ಅಳೆಯುವ ಉಪಕರಣಗಳು ತಾವಾಗಿಯೇ ದಾಖಲಿಸುತ್ತಿದ್ದವು.

ಈ ಪ್ರಯೋಗದ ಬಗ್ಗೆ ನನಗೆ ತುಂಬಾ ಗೌರವ ಇದೆ. ಬಾಂಬಿನ ಬಗ್ಗೆ ಅಲ್ಲ, ಪ್ರಯೋಗ ಕಟ್ಟಿದ ರೀತಿಯ ಬಗ್ಗೆ. ಒಂದೇ ಹಡಗನ್ನು ಕಳಿಸಿ, 'ನೋಡಿ, ಇಷ್ಟೇ ವಿಕಿರಣ ಉಳಿದಿದೆ' ಎಂದಿದ್ದರೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎಷ್ಟು ಬಿದ್ದಿತ್ತು ಎಂದು ಗೊತ್ತಿಲ್ಲದೆ ಎಷ್ಟು ಹೋಯಿತು ಎಂದು ಹೇಳುವುದು ಹೇಗೆ? ಪಕ್ಕದಲ್ಲಿ ಒಣ ಹಡಗು ಬೇಕೇ ಬೇಕು. ಅದು ಇದ್ದರೂ ತೊಂದರೆ ತಪ್ಪುವುದಿಲ್ಲ. ಫಾಲ್‌ಔಟ್, ಅಂದರೆ ಸ್ಫೋಟದ ನಂತರ ಕೆಳಗೆ ಬೀಳುವ ಈ ವಿಕಿರಣದ ಧೂಳು, ಎಲ್ಲ ಕಡೆ ಒಂದೇ ಸಮನೆ ಬೀಳುವುದಿಲ್ಲ. ಎರಡು ಹಡಗುಗಳ ನಡುವಿನ ದೂರದಲ್ಲೇ ಅದು ಬದಲಾಗಬಹುದು. ಹಾಗಾಗಿ ಧೂಳು ಹಿಡಿಯುವ ತಟ್ಟೆಗಳನ್ನು ಬೇರೆಯಾಗಿ ಇಟ್ಟು, ಎಷ್ಟು ಬಿತ್ತು ಎನ್ನುವ ಲೆಕ್ಕವನ್ನೂ ಹಿಡಿಯಬೇಕಾಗುತ್ತದೆ.

ಫಲ ಏನು ಬಂತು? ನೀರು ಹರಿಸಿದ ಹಡಗಿನ ಮೇಲೆ ವಿಕಿರಣದ ತೀವ್ರತೆ ಒಣ ಹಡಗಿಗಿಂತ ಸುಮಾರು ಶೇ. 90ರಷ್ಟು ಕಡಿಮೆ ಇತ್ತು. ಹತ್ತರಲ್ಲಿ ಒಂಬತ್ತು ಪಾಲು ಸಮುದ್ರ ಸೇರಿತ್ತು. ಬಿಕಿನಿಯ ಡೆಕ್ಕಿನಲ್ಲಿ ಎಂಟು ವರ್ಷ ಹಿಂದೆ ಬ್ರಷ್ ಹಿಡಿದು ಉಜ್ಜಿದವರ ಶ್ರಮಕ್ಕೆ ಹೋಲಿಸಿದರೆ ಇದು ಎಂಥ ವ್ಯತ್ಯಾಸ!

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಇದನ್ನು ಯಾರೂ ಗಮನಿಸುವುದಿಲ್ಲ. ಹಡಗಿಗೆ ಈ ಉಪಾಯ ಇಷ್ಟು ಚೆನ್ನಾಗಿ ಒಗ್ಗಲು ಕಾರಣ ಸಮುದ್ರವೇ. ನೆಲದ ಮೇಲೆ ಒಂದು ಮನೆ ಇದೆ ಎಂದುಕೊಳ್ಳಿ. ಅದರ ಚಾವಣಿ ತೊಳೆದರೂ ಸುತ್ತಲಿನ ಗದ್ದೆ, ರಸ್ತೆ, ಅಂಗಳದಲ್ಲಿ ಬಿದ್ದ ಧೂಳು ಗಾಮಾ ಕಿರಣ ಸೂಸುತ್ತಲೇ ಇರುತ್ತದೆ. ಹಡಗಿನ ಸುತ್ತ ಇರುವುದು ನೀರು. ಅಲ್ಲಿ ಬಿದ್ದ ಧೂಳು ಕೆಳಗಿಳಿಯುತ್ತದೆ, ಬೆರೆಯುತ್ತದೆ, ಮೇಲಿನ ನೀರೇ ಅದನ್ನು ಮರೆ ಮಾಡುತ್ತದೆ. ಹಾಗಾಗಿ ಹಡಗಿನ ಜನರಿಗೆ ತಾಗುವ ವಿಕಿರಣದ ದೊಡ್ಡ ಮೂಲ ಅವರದೇ ಡೆಕ್. ಅದೊಂದನ್ನು ತೊಳೆದರೆ ಬಹುಪಾಲು ಗೆದ್ದಂತೆ.

ಇನ್ನೊಂದು ಕಾರಣ ಸಮಯ. ಬಾಂಬಿನ ಧೂಳಿನ ಬಿರುಸು ಬೇಗ ಇಳಿಯುತ್ತದೆ. ಸ್ಥೂಲವಾಗಿ ಒಂದು ನಿಯಮ ಇದೆ: ಕಾಲ ಏಳು ಪಟ್ಟಾದರೆ ವಿಕಿರಣ ಹತ್ತನೇ ಒಂದಾಗುತ್ತದೆ. ಸ್ಫೋಟವಾಗಿ 1 ಗಂಟೆಗೆ 100 ಇದ್ದರೆ 7 ಗಂಟೆಗೆ 10, 49 ಗಂಟೆಗೆ 1. ಅಂದರೆ ಅತಿ ಹೆಚ್ಚು ಪೆಟ್ಟು ಕೊಡುವುದು ಮೊದಲ ಕೆಲವು ಗಂಟೆ. ನಾಳೆ ಬಂದು ಬ್ರಷ್ ಹಿಡಿದರೆ, ಆ ಹೊತ್ತಿಗೆ ತಿನ್ನಬೇಕಾದ ಪೆಟ್ಟನ್ನೆಲ್ಲ ತಿಂದಾಗಿರುತ್ತದೆ. ವಾಶ್‌ಡೌನ್ ಕಾಯುವುದು ಆ ಮೊದಲ ಗಂಟೆಗಳನ್ನು.

ಆದರೆ ಶೇ. 90 ಎನ್ನುವ ಸಂಖ್ಯೆಯನ್ನು ಎಲ್ಲೆಂದರಲ್ಲಿ ಹಚ್ಚಬೇಡಿ. ಅದು ಹಡಗಿನ ಮೈಮೇಲೆ ಕುಳಿತ ಧೂಳಿನ ಲೆಕ್ಕ. ಧೂಳಿನ ಮೋಡ ಹಡಗನ್ನು ಸುತ್ತುವರಿದು ದಾಟುವಾಗ ಗಾಳಿಯಿಂದಲೇ ನೇರವಾಗಿ ಬರುವ ಕಿರಣವನ್ನು ನೀರಿನ ತೆಳು ಪೊರೆ ತಡೆಯುವುದಿಲ್ಲ. ಹಾಗಾಗಿ ಜನ ಒಟ್ಟು ತೆಗೆದುಕೊಂಡ ಡೋಸ್ ಇಳಿಯುವುದು ಡೆಕ್ಕಿನ ಮಾಲಿನ್ಯ ಇಳಿದಷ್ಟಲ್ಲ, ಅದಕ್ಕಿಂತ ಕಡಿಮೆ. ಧೂಳಿನ ಜಾತಿಯೂ ಮುಖ್ಯ. ಹವಳದ ನೆಲದ ಮೇಲೆ ಸಿಡಿದರೆ ಸುಣ್ಣದಂಥ ಒಣ ಕಾಳು ಬೀಳುತ್ತದೆ. ನೀರು ಅದನ್ನು ಉರುಳಿಸಿಕೊಂಡು ಹೋಗುತ್ತದೆ. ಸಮುದ್ರದ ನೀರಿನಲ್ಲಿ ಸಿಡಿದರೆ ಉಪ್ಪಿನ ಹನಿಗಳು ಬೀಳುತ್ತವೆ. ಅದರಲ್ಲಿ ವಿಕಿರಣವಸ್ತು ಕರಗಿರುತ್ತದೆ. ಕರಗಿದ್ದು ಬಣ್ಣದೊಳಗೂ ತುಕ್ಕಿನೊಳಗೂ ಇಳಿದು ಕಚ್ಚಿಕೊಳ್ಳುತ್ತದೆ. ಬೇಕರ್‌ನಲ್ಲಿ ಆದದ್ದು ಇದೇ. ಒಂದು ಬಗೆಯ ಧೂಳಿನಲ್ಲಿ ಪಾಸಾದ ವ್ಯವಸ್ಥೆ ಇನ್ನೊಂದರಲ್ಲೂ ಅಷ್ಟೇ ಪಾಸಾಗುತ್ತದೆ ಎಂದು ಹೇಳಲಾಗದು.

ಕ್ಯಾಸಲ್ ಸರಣಿಯ ಮೊದಲ ಸ್ಫೋಟದ ಹೆಸರು 'ಬ್ರಾವೊ'. 1954ರ ಮಾರ್ಚ್ 1. ಸುಮಾರು 6 ಮೆಗಾಟನ್ ಎಂದು ಅಂದಾಜು ಮಾಡಿದ್ದರು, ಆದದ್ದು 15. ದೂರದಲ್ಲಿ ನಿಂತಿದ್ದ ಅಮೆರಿಕದ ಹಡಗುಗಳ ಮೇಲೂ ಬಿಳಿ ಧೂಳು ಬೀಳತೊಡಗಿತು. 'ಬೈರೋಕೊ' ಎಂಬ ವಿಮಾನವಾಹಕ, 'ಫಿಲಿಪ್' ಎಂಬ ಡೆಸ್ಟ್ರಾಯರ್, ಹೀಗೆ ಹಲವು ಹಡಗುಗಳಲ್ಲಿ ಜನರನ್ನು ಕೆಳಗಿಳಿಸಿ, ಬಾಗಿಲು ಮುಚ್ಚಿ, ವಾಶ್‌ಡೌನ್ ಬಿಟ್ಟರು. ಯಾರೂ ಯೋಜಿಸದ ಪರೀಕ್ಷೆ ಅದು. ಬೈರೋಕೊದ ಕೆಲವು ನಾವಿಕರ ಚರ್ಮಕ್ಕೆ ಬೀಟಾ ಕಿರಣದ ಸುಟ್ಟಗಾಯ ಆಯಿತು. ನೀರು ಡೆಕ್ ಕಾಯಿತು. ಆದರೆ ಡೆಕ್ಕಿನ ಮೇಲಿದ್ದವರ ಚರ್ಮಕ್ಕೆ ಮೊದಲೇ ತಾಗಿದ ಕಾಳನ್ನು ಅದು ತೆಗೆಯುವುದಿಲ್ಲ.

ಅದೇ ಬೆಳಗ್ಗೆ ಬಿಕಿನಿಯ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ ಜಪಾನಿನ ಟ್ಯೂನ ಹಿಡಿಯುವ ದೋಣಿ 'ದೈಗೊ ಫುಕುರ್ಯು ಮಾರು' ಇತ್ತು. ಅದರಲ್ಲಿ 23 ಜನ. ಬಿಳಿ ಬೂದಿ ಗಂಟೆಗಟ್ಟಲೆ ಸುರಿಯಿತು. ಅದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಗಾಳದ ಹಗ್ಗ ಎಳೆದುಕೊಂಡು, ಎರಡು ವಾರ ಅದೇ ದೋಣಿಯಲ್ಲಿ ಬದುಕುತ್ತಾ ಮಾರ್ಚ್ 14ಕ್ಕೆ ಯಾಯ್ಜು ಬಂದರು ಸೇರಿದರು. ರೇಡಿಯೊ ಆಪರೇಟರ್ ಕುಬೊಯಾಮ ಐಕಿಚಿ ಸೆಪ್ಟೆಂಬರ್ 23ರಂದು ತೀರಿಕೊಂಡರು. ಒಂದೇ ಸಮುದ್ರ, ಒಂದೇ ಧೂಳು. ಒಂದು ಕಡೆ ಏನು ಬೀಳುತ್ತಿದೆ ಎಂದು ಗೊತ್ತಿದ್ದವರು, ನಾಜಲ್ ಇದ್ದವರು. ಇನ್ನೊಂದು ಕಡೆ ಬರೀ ಮೀನುಗಾರರು. ನಿಮ್ಮ ಪ್ರಶ್ನೆಯ ಕೊನೆಯ ಭಾಗ ಓದಿದಾಗ ನನಗೆ ಮೊದಲು ನೆನಪಾದದ್ದು ಇವರೇ.

ಬ್ರಿಟಿಷರು ಮಾಡಿದ ಪರೀಕ್ಷೆ ಬೇರೆ ಥರದ್ದು. ಅದನ್ನು ನಾನು ಒಪ್ಪುವುದಿಲ್ಲ. 1956ರಲ್ಲಿ ಆಸ್ಟ್ರೇಲಿಯದ ಪಶ್ಚಿಮಕ್ಕಿರುವ ಮಾಂಟೆಬೆಲ್ಲೊ ದ್ವೀಪಗಳಲ್ಲಿ 'ಆಪರೇಷನ್ ಮೊಸಾಯಿಕ್' ನಡೆಯಿತು. ಮೇ 16ಕ್ಕೆ ಒಂದು ಸ್ಫೋಟ, ಜೂನ್ 19ಕ್ಕೆ ಇನ್ನೊಂದು. ಎಚ್‌ಎಂಎಸ್ ಡಯಾನಾ ಎಂಬ ಡೆಸ್ಟ್ರಾಯರ್‌ಗೆ ಎರಡೂ ಸಲ ಫಾಲ್‌ಔಟ್ ಮೂಲಕವೇ ಹಾದುಹೋಗಲು ಆದೇಶ ಕೊಟ್ಟರು. ಪ್ರಿ-ವೆಟ್ಟಿಂಗ್ ಚಾಲೂ, ಬಾಗಿಲು ಕಿಟಕಿ ಬಿಗಿ, ಒಳಗೆ ಸುಮಾರು 300 ಜನ. ಅಮೆರಿಕದವರು ರಿಮೋಟ್ ಕಂಟ್ರೋಲ್ ಹಡಗಿನಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಜೀವಂತ ಮನುಷ್ಯರನ್ನು ಇಟ್ಟುಕೊಂಡು ಮಾಡಿದರು. ಬಂದ ಅಳತೆಗಳಿಂದ ಉಪಯೋಗ ಆಗಿರಬಹುದು. ಆದರೂ ಎರಡು ವರ್ಷ ಮೊದಲೇ ಜನರಿಲ್ಲದ ಹಡಗಿನಿಂದ ಉತ್ತರ ಸಿಕ್ಕಿರುವಾಗ ಇದರ ಅಗತ್ಯ ಏನಿತ್ತು? ಬ್ರಿಟನ್ನಿನ ಅಣುಪರೀಕ್ಷೆಗಳಲ್ಲಿ ಭಾಗವಹಿಸಿದ ಮಾಜಿ ಸೈನಿಕರು ದಶಕಗಳ ಕಾಲ ಹೋರಾಡಿದರು. ಅವರಿಗೆ ಪದಕ ಕೊಡುವುದಾಗಿ ಸರಕಾರ ಘೋಷಿಸಿದ್ದು 2022ರ ನವೆಂಬರ್‌ನಲ್ಲಿ. ಡಯಾನಾ ಹಡಗನ್ನು 1969ರಲ್ಲಿ ಪೆರು ದೇಶಕ್ಕೆ ಮಾರಿದ್ದರು.

ಈಗ ಎರಡನೇ ಪ್ರಶ್ನೆ. ಬಾಂಬು ಇಲ್ಲದೆ ಪರೀಕ್ಷೆ ಹೇಗೆ?

ಹಂಟರ್ಸ್ ಪಾಯಿಂಟ್ ಪ್ರಯೋಗಾಲಯದವರು ಇದಕ್ಕೊಂದು ದಾರಿ ಕಂಡುಕೊಂಡರು. ಮರಳಿಗೆ ಲ್ಯಾಂಥನಂ-140 ಎನ್ನುವ ವಿಕಿರಣವಸ್ತುವನ್ನು ಲೇಪಿಸಿ ನಕಲಿ ಫಾಲ್‌ಔಟ್ ತಯಾರಿಸಿದರು. ಅದರ ಅರ್ಧಾಯುಷ್ಯ, ವಿಕಿರಣ ಅರ್ಧಕ್ಕೆ ಇಳಿಯುವ ಕಾಲ, ಸುಮಾರು 40 ಗಂಟೆ. ಅಂದರೆ ಒಂದೆರಡು ವಾರದಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. 1956ರಲ್ಲಿ ಮತ್ತು 1958ರಲ್ಲಿ ಕ್ಯಾಲಿಫೋರ್ನಿಯದ ಕ್ಯಾಂಪ್ ಸ್ಟೋನ್‌ಮನ್ ಎಂಬ ಹಳೆಯ ಸೇನಾ ಶಿಬಿರದಲ್ಲಿ ಇಂಥ ಮರಳನ್ನು ರಸ್ತೆ, ಚಾವಣಿಗಳ ಮೇಲೆ ಹರಡಿದರು. ಬೆಂಕಿ ಪೈಪಿನಿಂದ, ಗುಡಿಸುವ ಯಂತ್ರದಿಂದ ತೆಗೆದು ಎಷ್ಟು ಉಳಿಯಿತು ಎಂದು ಅಳೆದರು. ಅದು ನೆಲದ ಪರೀಕ್ಷೆಯಾದರೂ ಪಾಠ ಹಡಗಿಗೂ ಸಲ್ಲುತ್ತದೆ. ನಯವಾದ ಮೈಯಿಂದ ಕಾಳು ಸಲೀಸಾಗಿ ಹೋಗುತ್ತದೆ. ಒರಟಾದ ಮೈಯಲ್ಲಿ ಕಾಳು ಸಣ್ಣದಾದಷ್ಟೂ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಬಣ್ಣ ಹಚ್ಚಿದ ಉಕ್ಕು, ತುಕ್ಕು ಹಿಡಿದ ಉಕ್ಕು, ಮರ, ಕ್ಯಾನ್ವಾಸ್, ಜಾರದಂತೆ ಮರಳು ಬೆರೆಸಿ ಬಳಿದ ಡೆಕ್, ಪ್ರತಿಯೊಂದರ ತುಂಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಇಂದು ವಿಕಿರಣ ಇರುವ ಮರಳೇ ಬೇಕೆಂದಿಲ್ಲ. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಪುಡಿ ಹಾಕಿದರೂ ಕತ್ತಲಲ್ಲಿ ದೀಪ ಹಿಡಿದು ಎಲ್ಲಿ ಉಳಿದಿದೆ ಎಂದು ನೋಡಬಹುದು.

ಆದರೆ ಹಡಗಿನಲ್ಲಿ ಪದೇ ಪದೇ ನಡೆಯುವ ಪರೀಕ್ಷೆ ಇದಕ್ಕಿಂತ ಸರಳ. ವಾಲ್ವ್ ತೆರೆಯುವುದು, ಎಲ್ಲಿ ಒದ್ದೆಯಾಗುತ್ತದೆ, ಎಲ್ಲಿ ಇಲ್ಲ ಎಂದು ನೋಡುವುದು. ನೀವು ನೋಡಿದ ಫೋಟೊ ಬಹುಶಃ ಇಂಥದ್ದೇ. ನೋಡಲು ಭರ್ಜರಿಯಾಗಿ ಇರುತ್ತದೆ. ಆದರೆ ತಿಳಿದವರು ತುಂತುರನ್ನು ನೋಡುವುದಿಲ್ಲ, ಒಣಗಿರುವ ಜಾಗ ಹುಡುಕುತ್ತಾರೆ. ಎದುರುಗಾಳಿಯಲ್ಲಿ ಹಡಗು ಓಡುವಾಗ ಮುಂದಿನ ನಾಜಲ್‌ಗಳ ನೀರು ಹಿಂದಕ್ಕೆ ಹಾರಿ, ಮೂತಿಯ ಕಡೆಯ ಡೆಕ್ ಒಣಗಿಯೇ ಉಳಿಯುತ್ತದೆ. ಅಡ್ಡಗಾಳಿ ಬಂದರೆ ಒಂದು ಪಕ್ಕ ಪೂರ್ತಿ ಬರಿದು. ಫಿರಂಗಿಯ ಕೆಳಭಾಗ, ದೋಣಿ ತೂಗುಹಾಕಿದ ಜಾಗದ ಮರೆ, ಏಣಿಯ ಹಿಂಬದಿ, ಇವೆಲ್ಲ ನೀರು ಮುಟ್ಟದ ಮೂಲೆಗಳು. ಧೂಳು ಗಾಳಿಯ ಜೊತೆ ಸುತ್ತಿ ಅಲ್ಲಿಗೂ ಹೋಗುತ್ತದೆ. ಹಾಗಾಗಿ ಬಂದರಿನಲ್ಲಿ ಕಟ್ಟಿಹಾಕಿದ ಹಡಗಿನ ಮೇಲೆ ನೀರು ಬಿಟ್ಟು 'ಸರಿ ಇದೆ' ಎಂದು ಬರೆದರೆ ಅದು ಅರ್ಧ ಪರೀಕ್ಷೆ. ಸಮುದ್ರಕ್ಕೆ ಹೋಗಿ, ಬೇರೆ ಬೇರೆ ವೇಗದಲ್ಲಿ, ಗಾಳಿಗೆ ಬೇರೆ ಬೇರೆ ಕೋನದಲ್ಲಿ ತಿರುಗಿಸಿ ನೋಡಬೇಕು.

ಹತ್ತಿರ ಹೋಗಿ ಒಂದು ನಾಜಲ್ ನೋಡಿದರೆ ಕತೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಉಪ್ಪುನೀರು ಓಡುವ ಪೈಪು. ಒಳಗೆ ತುಕ್ಕಿನ ಪದರ ಬಿಟ್ಟುಕೊಂಡು ಬರುತ್ತದೆ. ಮಳಿ, ಕಲ್ವದ ಮರಿಚಿಪ್ಪುಗಳು ಪೈಪಿನಲ್ಲೇ ಬೆಳೆಯುತ್ತವೆ. ವಾಲ್ವ್ ತೆರೆದ ಕೂಡಲೇ ಎಲ್ಲ ಬಂದು ನಾಜಲ್ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಬಳಸದೆ ಬಿಟ್ಟರೆ ಉಪ್ಪು ಗಟ್ಟಿಕಟ್ಟುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಬಣ್ಣ. ಡೆಕ್ಕಿಗೆ ಹೊಸ ಬಣ್ಣ ಬಳಿಯುವಾಗ ನಾಜಲ್ ಬಾಯಿಗೂ ಒಂದು ಕೋಟು ಬೀಳುತ್ತದೆ. ಹೊರಗಿನಿಂದ ಹೊಳೆಯುತ್ತಾ ಇರುತ್ತದೆ, ಒಳಗಿನಿಂದ ಒಂದು ಹನಿಯೂ ಬರುವುದಿಲ್ಲ. ನೀರು ಹೊರಹೋಗುವ ತೂತುಗಳ ಕತೆಯೂ ಅಷ್ಟೇ. ಅಲ್ಲಿ ಚಿಂದಿಬಟ್ಟೆ ಸಿಕ್ಕಿಕೊಂಡರೆ ನೀರು ಮೂಲೆಯಲ್ಲಿ ನಿಲ್ಲುತ್ತದೆ. ಧೂಳು ಅಲ್ಲೇ ಶೇಖರವಾಗಿ ಇಡೀ ಡೆಕ್ಕಿನಲ್ಲಿ ಅತಿ ಕೆಟ್ಟ ಜಾಗ ಅದೇ ಆಗುತ್ತದೆ. ಒದ್ದೆಯಾಗುವುದು ಸಾಕಾಗದು, ನೀರು ಹರಿದು ಹೊರಗೆ ಬೀಳಬೇಕು.

ಪಂಪಿನ ಪ್ರಶ್ನೆಯೂ ಇದೆ. ಅದೇ ಫೈರ್‌ಮೇನ್‌ನಿಂದಲೇ ಬೆಂಕಿ ಆರಿಸುವ ನೀರು ಬರಬೇಕು. ವಾಶ್‌ಡೌನ್ ಪೂರ್ತಿ ತೆರೆದಿರುವಾಗ ಎಲ್ಲೋ ಬೆಂಕಿ ಬಿದ್ದರೆ ಒತ್ತಡ ಸಾಕಾಗುತ್ತದೆಯೇ? ಎರಡನ್ನೂ ಒಟ್ಟಿಗೆ ಓಡಿಸಿ ನೋಡದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅಂದ ಹಾಗೆ, 1967ರಲ್ಲಿ 'ಫಾರೆಸ್ಟಲ್' ವಿಮಾನವಾಹಕದಲ್ಲಿ ಭಾರಿ ಬೆಂಕಿ ಬಿದ್ದು 134 ಜನ ಸತ್ತರು. ಅದರ ನಂತರ ಅಮೆರಿಕದ ವಿಮಾನವಾಹಕಗಳು ಈ ವಾಶ್‌ಡೌನ್ ಪೈಪುಗಳನ್ನೇ ಫೋಮ್ ಹರಿಸಲು ಬಳಸುವಂತೆ ಮಾಡಿಕೊಂಡವು. ಬಾಂಬಿಗೆಂದು ಮಾಡಿದ ವ್ಯವಸ್ಥೆ ಹೆಚ್ಚು ಜೀವ ಉಳಿಸಿರುವುದು ಬೆಂಕಿಯಿಂದ ಇರಬಹುದು.

ಇತ್ತೀಚಿನ ನಿಜವಾದ ಸಂದರ್ಭ ಎಂದರೆ 2011ರ ಮಾರ್ಚ್. ಜಪಾನಿನಲ್ಲಿ ಸುನಾಮಿ ಆಗಿ ಫುಕುಶಿಮಾ ಸ್ಥಾವರದಿಂದ ವಿಕಿರಣ ಹೊರಬಂತು. ಪರಿಹಾರ ಕೆಲಸಕ್ಕೆ ಹೋಗಿದ್ದ 'ರೊನಾಲ್ಡ್ ರೇಗನ್' ವಿಮಾನವಾಹಕ ಆ ಗಾಳಿಗೆ ಸಿಕ್ಕಿತು. ಮೊದಲು ಹೆಲಿಕಾಪ್ಟರ್‌ನಲ್ಲಿ ಹೋಗಿಬಂದ 17 ಜನರ ಮೇಲೆ ಸಣ್ಣ ಪ್ರಮಾಣದಲ್ಲಿ ಕಂಡುಬಂತು. ಸೋಪು ನೀರಿನಲ್ಲಿ ತೊಳೆದಾಗ ಹೋಯಿತು ಎಂದು ನೌಕಾಪಡೆ ಹೇಳಿತು. ಆಮೇಲೆ ಮಾರ್ಚ್ ಕೊನೆಯ ವಾರದ ಹೊತ್ತಿಗೆ ವಾಶ್‌ಡೌನ್ ಬಿಟ್ಟು, ನೂರಾರು ನಾವಿಕರು ಬ್ರಷ್ ಹಿಡಿದು ವಿಮಾನದ ಡೆಕ್ ಉಜ್ಜಿದರು. ಗಮನಿಸಿ, ಇಲ್ಲಿ ನೀರು ಬಂದದ್ದು ಆಮೇಲೆ. ಪ್ರಮಾಣ ಕಡಿಮೆ ಇದ್ದುದರಿಂದ ನಡೆಯಿತು. ಬ್ರಾವೊದಂಥ ಧೂಳಾಗಿದ್ದರೆ ಈ ಕ್ರಮ ನಡೆಯುತ್ತಿರಲಿಲ್ಲ.

ಇನ್ನು ನಿಮ್ಮ ದೋಣಿ. ಕಾರವಾರದವರು ಕೇಳುವಾಗ ಕೈಗಾ ಮನಸ್ಸಿನಲ್ಲಿ ಇರುತ್ತದೆ, ಸಹಜ. ಸ್ಥಾವರದ ಅಪಘಾತ ಬಾಂಬಿನ ಸ್ಫೋಟದಂತಲ್ಲ. ಹವಳದ ಬೂದಿಯ ಹಾಗೆ ಕಣ್ಣಿಗೆ ಕಾಣುವ ಧೂಳು ಸುರಿಯುವುದಿಲ್ಲ. ಅನಿಲ ಮತ್ತು ಅತಿ ಸಣ್ಣ ಕಣ ಬರಬಹುದು, ಅದು ಉಪಕರಣಕ್ಕೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಕಾಣುವ ತನಕ ಕಾಯುವಂತಿಲ್ಲ, ಜಿಲ್ಲಾಡಳಿತದ ಸೂಚನೆಯೇ ಮುಖ್ಯ. ಸಮುದ್ರದಲ್ಲಿ ಇದ್ದರೆ ರೇಡಿಯೊ ಕಿವಿಗೆ ಹತ್ತಿರ ಇರಲಿ. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಹೊರಬಂದರೆ ಮೋಡದಿಂದ ಬೇಗ ತಪ್ಪಿಸಿಕೊಳ್ಳಬಹುದು.

ದೋಣಿಗೆ ನಾಜಲ್ ಜೋಡಿಸುವುದು ಬೇಡ, ಅಷ್ಟು ದೊಡ್ಡ ಪಂಪು ನಿಮ್ಮಲ್ಲಿ ಇರುವುದಿಲ್ಲ. ಆದರೆ ಡೆಕ್ ತೊಳೆಯುವ ಪಂಪು ಇದ್ದೇ ಇರುತ್ತದೆ. ಎಚ್ಚರಿಕೆ ಬಂತು ಎಂದರೆ, ಏನೂ ಬೀಳುವ ಮೊದಲೇ, ಡೆಕ್ ಒದ್ದೆ ಮಾಡಿ ನೀರು ಹರಿಯಲು ಬಿಡಿ. ಬಲೆ, ಹಗ್ಗ, ಐಸ್ ಪೆಟ್ಟಿಗೆಗಳನ್ನು ಟಾರ್ಪಾಲ್ ಹಾಕಿ ಮುಚ್ಚಿ. ದೋಣಿಯಲ್ಲಿ ವಿಕಿರಣ ಹೆಚ್ಚು ಹಿಡಿದಿಟ್ಟುಕೊಳ್ಳುವುದು ಬಲೆ, ಹಗ್ಗ ಇವೇ. ಒಮ್ಮೆ ಒಳಗೆ ಸೇರಿದರೆ ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಜನ ಕ್ಯಾಬಿನ್ ಒಳಗೆ ಇರಲಿ, ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲಿ. ತೊಳೆಯುವಾಗ ಮೇಲಿನಿಂದ ಕೆಳಕ್ಕೆ, ಗಾಳಿ ಬರುವ ಕಡೆ ಬೆನ್ನು ಹಾಕಿ. ದಡ ಸೇರಿದ ಮೇಲೆ ಹೊರಗಿನ ಬಟ್ಟೆಯನ್ನು ಬಿಚ್ಚಿ ಚೀಲದಲ್ಲಿ ಕಟ್ಟಿ, ಮನೆಯೊಳಗೆ ತರಬೇಡಿ. ಮೈಗೆ ಸೋಪು ಮತ್ತು ಬೆಚ್ಚಗಿನ ನೀರು ಸಾಕು. ಚರ್ಮ ಕೆಂಪಾಗುವ ಹಾಗೆ ಉಜ್ಜಿದರೆ ಗಾಯದ ಮೂಲಕ ಒಳಗೆ ಹೋಗುತ್ತದೆ. ಅಯೊಡಿನ್ ಮಾತ್ರೆಯನ್ನು ಸುಮ್ನೆ ನುಂಗಬೇಡಿ, ಅಧಿಕಾರಿಗಳು ಹೇಳಿದಾಗ ಮಾತ್ರ. ಹಿಡಿದ ಮೀನನ್ನು ಅಳತೆ ಮಾಡಿಸದೆ ಮಾರುಕಟ್ಟೆಗೂ ಕಳಿಸಬೇಡಿ, ಮನೆಗೂ ಒಯ್ಯಬೇಡಿ. 1954ರಲ್ಲಿ ಆ ಜಪಾನಿ ದೋಣಿಯ ಟ್ಯೂನ ಯಾರಿಗೂ ತಿಳಿಯುವ ಮೊದಲೇ ಮಾರುಕಟ್ಟೆಗೆ ಹೋಗಿತ್ತು. ಆಮೇಲೆ ಹುಡುಕಿ ಹುಡುಕಿ ಹೂಳಬೇಕಾಯಿತು.